ಓದುಗರ ಪ್ರಶ್ನೆ, ನಮ್ಮ ಉತ್ತರ: ಪಾವು, ಗೋಣಿಚೀಲ, ಅಡಿಕೆ ಹಾಳೆ ಮತ್ತು ಮಕ್ಕಳ ಆಟ

ಮನೆಯ ಸಾಮಾನುಗಳಿಂದಲೇ ಮಕ್ಕಳು ಕಟ್ಟಿಕೊಳ್ಳುವ ಆಟಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳೇ ಹೆಚ್ಚಾಗಿದ್ದುದರಿಂದ ಈ ಸಲ ಅವುಗಳಿಗಷ್ಟೇ ಉತ್ತರಿಸಲಾಗಿದೆ. ಕೆಲವು ಪತ್ರಗಳನ್ನು ಸಂಕ್ಷೇಪಿಸಿದ್ದೇವೆ. ಬರೆದವರ ಹೆಸರನ್ನು ಕೈಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಮಗಳಿಗೆ ನಾಲ್ಕು ವರ್ಷ. ಹುಟ್ಟುಹಬ್ಬಕ್ಕೆಂದು ಗ್ಯಾಸ್ ಒಲೆ, ಕುಕ್ಕರ್, ತಟ್ಟೆ, ಲೋಟಗಳೆಲ್ಲ ಇರುವ ಪ್ಲಾಸ್ಟಿಕ್ ಅಡುಗೆ ಸೆಟ್ ತಂದುಕೊಟ್ಟೆವು. ಕೆಲವು ದಿನ ಆಡಿದಳು, ಈಗ ಅದು ಮಂಚದ ಕೆಳಗಿದೆ. ಅವಳು ಮಾತ್ರ ನನ್ನ ಅಡುಗೆಮನೆಯ ಪಾವು, ಸೇರು, ಜರಡಿ, ಡಬ್ಬಿಗಳ ಮುಚ್ಚಳ, ಬಟ್ಟೆಯ ಕ್ಲಿಪ್ಪು ಎಲ್ಲವನ್ನೂ ನಡುಮನೆಗೆ ಹೊತ್ತು ತಂದು ಒಮ್ಮೆ ಅಂಗಡಿ, ಒಮ್ಮೆ ಬಸ್ಸು, ಒಮ್ಮೆ ಆಸ್ಪತ್ರೆ ಮಾಡುತ್ತಾಳೆ. ‘ಮನೆ ಸಾಮಾನನ್ನು ಆಟಕ್ಕೆ ಕೊಟ್ಟು ಹುಡುಗಿಯನ್ನು ಹಾಳು ಮಾಡುತ್ತಿದ್ದೀಯ’ ಎಂದು ಅತ್ತೆಯವರ ಆಕ್ಷೇಪ. ತಡೆಯಬೇಕೆ, ಬಿಡಬೇಕೆ? (ಗೃಹಿಣಿ, ಬೇಲೂರು)

ಉತ್ತರ: ಬಿಡಬೇಕು. ಯಾವ ಸಾಮಾನನ್ನು, ಎಲ್ಲಿಯವರೆಗೆ ಎಂಬುದನ್ನು ಮಾತ್ರ ನೀವು ಗೊತ್ತುಮಾಡಬೇಕು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಸೆಟ್ಟು ಮಂಚದ ಕೆಳಗೆ ಸೇರಿದ್ದೇಕೆ ಎಂಬುದನ್ನು ನೋಡೋಣ. ಆಟಿಕೆಯ ಗ್ಯಾಸ್ ಒಲೆ ಒಲೆಯಾಗಿಯೇ ತಯಾರಾಗಿ ಬಂದಿರುತ್ತದೆ. ಅದರ ಮೇಲೆ ಇವತ್ತು ಅಡುಗೆ ಮಾಡಬಹುದು, ನಾಳೆಯೂ ಅಡುಗೆಯನ್ನೇ ಮಾಡಬಹುದು, ನಾಡಿದ್ದು ಅದನ್ನೇ. ನಿಮ್ಮ ಮನೆಯ ಪಾವಿಗೆ ಆ ಕಟ್ಟುಪಾಡಿಲ್ಲ. ಅಕ್ಕಿ ಅಳೆದರೆ ಅದು ಅಂಗಡಿಯ ಅಳತೆ, ಬಾಯಿಯ ಹತ್ತಿರ ಹಿಡಿದರೆ ಮೈಕು, ಬೋರಲು ಹಾಕಿದರೆ ಗೊಂಬೆ ಕೂರುವ ಪೀಠ, ಕಂಡಕ್ಟರನ ಕೈಯಲ್ಲಿದ್ದರೆ ಚಿಲ್ಲರೆ ಡಬ್ಬಿ. ಬ್ರಿಟನ್ನಿನ ಸೈಮನ್ ನಿಕಲ್ಸನ್ ಎಂಬ ಶಿಲ್ಪಿ 1971ರಲ್ಲಿ ಬರೆದ ಒಂದು ಲೇಖನದಲ್ಲಿ ಇದೇ ಮಾತನ್ನು ಸಿದ್ಧಾಂತದ ರೂಪದಲ್ಲಿ ಹೇಳಿದರು. ಒಂದು ಪರಿಸರದಲ್ಲಿ ಜರುಗಿಸಬಹುದಾದ, ಬಿಚ್ಚಬಹುದಾದ, ಮತ್ತೊಂದಕ್ಕೆ ಸೇರಿಸಬಹುದಾದ ಬಿಡಿ ವಸ್ತುಗಳು ಎಷ್ಟು ಮತ್ತು ಎಷ್ಟು ಬಗೆಯವು ಇವೆಯೋ ಅದರ ಮೇಲೆ ಅಲ್ಲಿನ ಮಕ್ಕಳ ಸೃಜನಶೀಲತೆ ನಿಂತಿರುತ್ತದೆ ಎಂಬುದು ಅವರ ವಾದ. ಎಲ್ಲವನ್ನೂ ದೊಡ್ಡವರೇ ವಿನ್ಯಾಸ ಮಾಡಿ ಮುಗಿಸಿಬಿಟ್ಟರೆ ಮಕ್ಕಳಿಗೆ ಉಳಿಯುವುದು ಬಳಸುವ ಕೆಲಸ ಮಾತ್ರ, ಮಾಡುವ ಸಂತೋಷವೆಲ್ಲ ವಿನ್ಯಾಸಕಾರನ ಪಾಲಾಗುತ್ತದೆ ಎಂದು ಅವರು ಸಿಟ್ಟಿನಿಂದಲೇ ಬರೆದಿದ್ದರು.

ಇದಕ್ಕೆ ವಯಸ್ಸಿನ ಲೆಕ್ಕವೂ ಇದೆ. ಎರಡು ವರ್ಷದ ಆಸುಪಾಸಿನ ಮಗು ಖಾಲಿ ಲೋಟವನ್ನು ಬಾಯಿಗಿಟ್ಟು ಕಾಫಿ ಕುಡಿದಂತೆ ಮಾಡುತ್ತದೆ. ಲೋಟದ ಬದಲು ಬಾಚಣಿಗೆ ಕೊಟ್ಟು ಕುಡಿ ಎಂದರೆ ಗಲಿಬಿಲಿಯಾಗುತ್ತದೆ. ಮೂರು, ಮೂರೂವರೆ ದಾಟುವ ಹೊತ್ತಿಗೆ ಆ ಹೋಲಿಕೆಯ ಅಗತ್ಯ ತಾನಾಗಿಯೇ ಕಳಚಿಕೊಳ್ಳುತ್ತದೆ. ಬೆಂಕಿಪೊಟ್ಟಣ ಫೋನೂ ಆದೀತು, ಹಸುವೂ ಆದೀತು. ನಿಮ್ಮ ಮಗಳು ಸರಿಯಾಗಿ ಆ ಘಟ್ಟದಲ್ಲಿದ್ದಾಳೆ. ಹೋಲಿಕೆಯೇ ಬೇಡವಾದ ವಯಸ್ಸಿನ ಮಗುವಿಗೆ ಹೂಬೇಹೂಬು ಗ್ಯಾಸ್ ಒಲೆಯಂತಿರುವ ಆಟಿಕೆ ಕೊಟ್ಟಾಗ ಅದು ಬೇಗ ಹಳತಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಅತ್ತೆಯವರ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅನ್ನದ ಪಾತ್ರೆಯನ್ನು ಆಟದ ವಸ್ತು ಮಾಡಿದರೆ ಮಗುವಿಗೆ ಅದರ ಬೆಲೆ ತಿಳಿಯದೆ ಹೋದೀತು ಎಂಬುದು ಅವರ ಆತಂಕ. ಆದರೆ ಆಟ ಯಾವುದು, ನಿಜ ಯಾವುದು ಎಂಬ ಗೆರೆ ಮಕ್ಕಳಿಗೆ ನಾವು ಎಣಿಸುವುದಕ್ಕಿಂತ ಚೆನ್ನಾಗಿ ತಿಳಿದಿರುತ್ತದೆ. ಮನೋವಿಜ್ಞಾನಿ ಅಲನ್ ಲೆಸ್ಲಿ ಪುಟ್ಟ ಮಕ್ಕಳೊಂದಿಗೆ ಒಂದು ಸುಂದರವಾದ ಪ್ರಯೋಗ ಮಾಡಿದ್ದರು. ಎರಡು ಖಾಲಿ ಕಪ್ಪುಗಳಿಗೆ ಖಾಲಿ ಪಾತ್ರೆಯಿಂದ ಏನನ್ನೋ ಸುರಿದಂತೆ ನಟಿಸುವುದು, ಆಮೇಲೆ ಒಂದು ಕಪ್ಪನ್ನು ಬೋರಲು ಮಾಡಿ ಮತ್ತೆ ನಿಲ್ಲಿಸುವುದು, ‘ಯಾವುದು ಖಾಲಿಯಾಗಿದೆ?’ ಎಂದು ಕೇಳುವುದು. ಎರಡೂ ಮೊದಲಿನಿಂದಲೂ ಖಾಲಿಯೇ, ಆದರೂ ಮಕ್ಕಳು ಬೋರಲು ಹಾಕಿದ ಕಪ್ಪನ್ನೇ ತೋರಿಸಿದವು. ಇಷ್ಟೆಲ್ಲ ಆದ ಮೇಲೂ ಅವು ಆ ಕಪ್ಪಿನಿಂದ ನಿಜವಾಗಿ ಕುಡಿಯಲು ಹೋಗುವುದಿಲ್ಲ. ಎರಡು ಲೆಕ್ಕಗಳನ್ನು ಒಂದಕ್ಕೊಂದು ಬೆರೆಯದಂತೆ ಏಕಕಾಲಕ್ಕೆ ಇಟ್ಟುಕೊಳ್ಳಬಲ್ಲ ಮಗು, ಆಟದ ಪಾವು ಸಂಜೆ ಅಕ್ಕಿ ಡಬ್ಬಿಗೆ ಮರಳಬೇಕು ಎಂಬುದನ್ನೂ ಕಲಿಯಬಲ್ಲದು. ಅದನ್ನು ಕಲಿಸುವ ಕೆಲಸವನ್ನು ಅತ್ತೆಯವರಿಗೇ ವಹಿಸಿ ನೋಡಿ.

ಇನ್ನು ವ್ಯವಸ್ಥೆಯ ಮಾತು. ಅಡುಗೆಮನೆಯ ಕಪಾಟಿನ ಅತಿ ಕೆಳಗಿನ ಅರೆಯೊಂದನ್ನು ಅವಳಿಗೆ ಬಿಟ್ಟುಕೊಡಿ. ನಿಮಗೆ ದಿನಬಳಕೆಗೆ ಬೇಡದ ಸ್ಟೀಲ್ ಡಬ್ಬಿ, ಮರದ ಸೌಟು, ಹಳೆಯ ಲಟ್ಟಣಿಗೆ, ನಯವಾಗಿ ಉಜ್ಜಿದ ತೆಂಗಿನ ಚಿಪ್ಪು, ಒಂದೆರಡು ಹಳೆಯ ಟವೆಲ್ಲು, ಹತ್ತಿ ಸೀರೆಯ ತುಂಡು, ಕೊರಿಯರ್ ಬಂದ ರಟ್ಟಿನ ಪೆಟ್ಟಿಗೆ ಅಲ್ಲಿರಲಿ. ಗಾಜು, ಪಿಂಗಾಣಿ, ಅಂಚು ಹರಿತವಾದ ತಗಡಿನ ಡಬ್ಬ ಬೇಡ. ಎಲ್ಲವನ್ನೂ ಒಟ್ಟಿಗೆ ಹರಡಬೇಡಿ. ಒಂದಷ್ಟನ್ನು ಎತ್ತಿಟ್ಟು ವಾರಕ್ಕೊಮ್ಮೆ ಬದಲಾಯಿಸಿ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಚಿಕ್ಕ ಅಧ್ಯಯನವೊಂದರಲ್ಲಿ 36 ಎಳೆಯ ಮಕ್ಕಳಿಗೆ ಒಮ್ಮೆ ನಾಲ್ಕು, ಇನ್ನೊಮ್ಮೆ ಹದಿನಾರು ಆಟಿಕೆಗಳನ್ನು ಕೊಟ್ಟು ನೋಡಿದಾಗ, ನಾಲ್ಕೇ ಇದ್ದಾಗ ಮಕ್ಕಳು ಪ್ರತಿಯೊಂದರ ಜೊತೆಗೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು.

ಅವಳು ಬಸ್ಸು ಹೂಡಿದಾಗ ‘ಇದೇನು, ಅದೇನು?’ ಎಂದು ವಿಚಾರಿಸುತ್ತ ಕೂರಬೇಡಿ. ಕರೆದರೆ ಹತ್ತಿ, ಟಿಕೆಟ್ಟು ತೆಗೆದುಕೊಳ್ಳಿ, ಇಳಿಯಿರಿ ಎಂದಾಗ ಇಳಿಯಿರಿ. ಬೇಲೂರಿನಿಂದ ಹಳೇಬೀಡಿಗೆ ಹೊರಟ ಬಸ್ಸು ನಡುವೆ ಸಮುದ್ರ ದಾಟಿದರೆ ತಿದ್ದುವ ಅಗತ್ಯವಿಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಮ್ಮೂರಿನ ಖಾಸಗಿ ಶಿಶುವಿಹಾರವೊಂದಕ್ಕೆ ಆಗಾಗ ಹೋಗಿ ಕಥೆ ಹೇಳುತ್ತೇನೆ. ಅಲ್ಲಿ ಮಾಂಟೆಸ್ಸರಿ ಸಾಮಗ್ರಿಗಳಿವೆ. ಗುಲಾಬಿ ಗೋಪುರದ ಘನಗಳನ್ನು ಮಕ್ಕಳು ಸಾಲಾಗಿ ಇಟ್ಟು ರೈಲು ಮಾಡಿದರೆ (ನಮ್ಮದು ಜಂಕ್ಷನ್ ಊರು, ಮಕ್ಕಳಿಗೆ ರೈಲಿನ ಹುಚ್ಚು ಸಹಜ) ಅಲ್ಲಿನ ಶಿಕ್ಷಕಿ ತಡೆಯುತ್ತಾರೆ. ‘ಮಾಂಟೆಸ್ಸರಿ ಪದ್ಧತಿಯಲ್ಲಿ ಕಲ್ಪನೆಯ ಆಟಕ್ಕೆ ಜಾಗವಿಲ್ಲ’ ಎನ್ನುತ್ತಾರೆ. ಇದು ನಿಜವೆ? (ಅರಸೀಕೆರೆ)

ಉತ್ತರ: ಇತಿಹಾಸದ ದೃಷ್ಟಿಯಿಂದ ಆ ಶಿಕ್ಷಕಿಯ ಮಾತಿನಲ್ಲಿ ಹುರುಳಿದೆ. ಮರಿಯಾ ಮಾಂಟೆಸ್ಸರಿ ಅವರು 1907ರ ಜನವರಿಯಲ್ಲಿ ರೋಮ್ ನಗರದ ಸ್ಯಾನ್ ಲೊರೆನ್ಸೊ ಎಂಬ ಬಡ ಬಡಾವಣೆಯಲ್ಲಿ ತಮ್ಮ ಮೊದಲ ಶಿಶುಗೃಹವನ್ನು ತೆರೆದಾಗ ಅಲ್ಲಿ ದಾನವಾಗಿ ಬಂದ ಆಟಿಕೆಗಳೂ ಇದ್ದವು. ಮಕ್ಕಳು ಅವನ್ನು ಬಿಟ್ಟು ಕೈತೊಳೆಯುವ, ಧೂಳು ಒರೆಸುವ, ಗುಂಡಿ ಹಾಕುವ ನಿಜವಾದ ಕೆಲಸಗಳತ್ತಲೇ ವಾಲಿದ್ದನ್ನು ಕಂಡು, ಎಳೆಯ ಮಗುವಿಗೆ ಬೇಕಾಗಿರುವುದು ವಾಸ್ತವದ ಜೊತೆ ಒಡನಾಟವೇ ಹೊರತು ನಟನೆಯಲ್ಲ ಎಂಬ ನಿಲುವಿಗೆ ಅವರು ಬಂದರು. ಹತ್ತು ಘನಗಳ ಆ ಗುಲಾಬಿ ಗೋಪುರ, ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ, ಗಾತ್ರದ ವ್ಯತ್ಯಾಸವನ್ನು ಕಣ್ಣಿಗೂ ಕೈಗೂ ತಿಳಿಸುವುದಕ್ಕೆಂದೇ ಆದದ್ದು. ಅದನ್ನು ರೈಲು ಮಾಡುವುದು ಆ ಪದ್ಧತಿಯ ಪ್ರಕಾರ ಸಾಮಗ್ರಿಯ ದುರ್ಬಳಕೆ.

ಈ ವಿಷಯದಲ್ಲಿ ನನಗೆ ಬಹಳ ಸ್ವಾರಸ್ಯಕರವಾಗಿ ಕಂಡಿರುವುದು ಒಂದು ಕೋಲು. ಅಪ್ಪನ ಊರುಗೋಲಿನ ಮೇಲೆ ಕಾಲು ಹಾಕಿ ಕುದುರೆ ಸವಾರಿ ಮಾಡುವ ಮಗುವನ್ನು ಕುರಿತು ಮಾಂಟೆಸ್ಸರಿ ಅವರು, ಇದು ಕಲ್ಪನೆಯ ಸಾಕ್ಷಿಯಲ್ಲ, ಈಡೇರದ ಆಸೆಯ ಸಾಕ್ಷಿ ಎಂದರು. ಮನೆಯಲ್ಲಿ ನಿಜವಾದ ಕುದುರೆಯುಳ್ಳ ಮಗು ಕೋಲನ್ನು ಕುದುರೆ ಮಾಡಿಕೊಳ್ಳುವುದಿಲ್ಲ ಎಂಬುದು ಅವರ ತರ್ಕ. ಅದೇ ಕೋಲನ್ನು ಕೆಲವು ವರ್ಷಗಳ ನಂತರ, 1933ರ ಒಂದು ಉಪನ್ಯಾಸದಲ್ಲಿ, ಸೋವಿಯತ್ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ ಪೂರ್ತಿ ಬೇರೆ ರೀತಿಯಲ್ಲಿ ನೋಡಿದರು. ಎಳೆಯ ಮಗುವಿಗೆ ವಸ್ತು ಮತ್ತು ಅದರ ಅರ್ಥ ಎರಡೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಕಣ್ಣೆದುರಿಗಿರುವ ಕುದುರೆಯಿಂದ ‘ಕುದುರೆ’ ಎಂಬ ಅರ್ಥವನ್ನು ಬಿಡಿಸಿಕೊಳ್ಳುವುದಕ್ಕೆ ಅದಕ್ಕೆ ಒಂದು ಆಸರೆ ಬೇಕು, ಆ ಆಸರೆಯೇ ಕೋಲು ಎಂದು ಅವರು ವಿವರಿಸಿದರು. ಈಡೇರದ ಆಸೆಯ ಮಾತನ್ನು ಅವರೂ ಒಪ್ಪುತ್ತಾರೆ, ಆದರೆ ಅದನ್ನು ಕೊರತೆಯೆಂದು ತಳ್ಳಿಹಾಕುವುದಿಲ್ಲ. ಮುಂದೆ ವಸ್ತುವಿನ ಹಂಗಿಲ್ಲದೆ ಯೋಚಿಸುವ ಶಕ್ತಿಗೆ ಅಲ್ಲಿಂದಲೇ ದಾರಿ ಎನ್ನುತ್ತಾರೆ. ಇನ್ನೂ ಒಂದು ಸೂಕ್ಷ್ಮವನ್ನು ಅವರು ಗಮನಿಸಿದ್ದರು. ಮಗುವಿಗೆ ಏನನ್ನು ಬೇಕಾದರೂ ಕುದುರೆ ಮಾಡಿಕೊಳ್ಳಲು ಆಗುವುದಿಲ್ಲ, ಒಂದು ಅಂಚೆ ಕಾರ್ಡು ಕುದುರೆಯಾಗಲಾರದು. ರೂಪ ಹೋಲದಿದ್ದರೂ ಚಿಂತೆಯಿಲ್ಲ, ಅದರ ಮೇಲೆ ಕಾಲು ಹಾಕಿ ಓಡಲು ಬರಬೇಕು. ಮನೆಯ ಸಾಮಾನುಗಳಲ್ಲಿ ಮಕ್ಕಳು ಯಾವುದನ್ನು ಆರಿಸುತ್ತಾರೆ, ಯಾವುದನ್ನು ಮುಟ್ಟುವುದೇ ಇಲ್ಲ ಎಂಬ ಒಗಟಿಗೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಓದಿಲ್ಲ.

ಈ ಇಬ್ಬರಲ್ಲಿ ನನ್ನ ಒಲವು ವೈಗಾಟ್‌ಸ್ಕಿಯ ಕಡೆಗೆ. ಮಾಂಟೆಸ್ಸರಿ ಅವರ ತರ್ಕಕ್ಕೆ ನಮ್ಮ ತೋಟದ ಸೀಮೆಯಲ್ಲೇ ಉತ್ತರವಿದೆ: ಅಂಗಳದಲ್ಲಿ ಜೀಪು ನಿಂತಿರುವ ಮನೆಯ ಮಗುವೂ ಕಾಫಿ ಮೂಟೆಯ ಮೇಲೆ ಕುಳಿತು, ಕೈಯಲ್ಲಿ ತಟ್ಟೆ ಹಿಡಿದು ತಿರುಗಿಸುತ್ತ, ಗೇರು ಬದಲಾಯಿಸುವ ಸದ್ದನ್ನು ಬಾಯಲ್ಲೇ ಮಾಡುತ್ತ ಜೀಪು ಓಡಿಸುತ್ತದೆ. ನಿಜವಾದ ಜೀಪಿನಲ್ಲಿ ಅದು ಹಿಂದೆ ಕೂರಬೇಕು. ಮೂಟೆಯ ಜೀಪಿನಲ್ಲಿ ಅದೇ ಡ್ರೈವರು. ಆಸೆ ಇರುವುದು ಜೀಪಿನ ಮೇಲಲ್ಲ, ನಡೆಸುವ ಅಧಿಕಾರದ ಮೇಲೆ.

ಆದರೂ ಆ ಶಿಕ್ಷಕಿಯೊಡನೆ ಜಗಳಕ್ಕೆ ಹೋಗಬೇಡಿ. ಮಾಂಟೆಸ್ಸರಿ ಅವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಮಹಾಯುದ್ಧದ ವರ್ಷಗಳನ್ನು ಭಾರತದಲ್ಲೇ ಕಳೆದು ಇಲ್ಲಿನ ಎಷ್ಟೋ ಶಿಕ್ಷಕರಿಗೆ ತರಬೇತಿ ಕೊಟ್ಟರು. ಅವರ ಸಾಮಗ್ರಿಯನ್ನು ಅವರು ಹೇಳಿದಂತೆಯೇ ಬಳಸಬೇಕೆಂಬ ಶಿಸ್ತಿಗೂ ಬೆಲೆಯಿದೆ. ಅದಕ್ಕಿಂತ ಮೊದಲೇ, 1920ರಲ್ಲಿ, ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ಮಾಂಟೆಸ್ಸರಿ ಪದ್ಧತಿಯನ್ನೇ ಹಿಡಿದರೂ ಅದರ ಜೊತೆಗೆ ಕಥೆ, ನಾಟಕ, ಹಾಡುಗಳನ್ನು ಧಾರಾಳವಾಗಿ ಸೇರಿಸಿಕೊಂಡಿದ್ದರು. ಆ ದಾರಿ ನಿಮ್ಮ ಶಿಶುವಿಹಾರಕ್ಕೂ ಒಗ್ಗುತ್ತದೆ. ಗುಲಾಬಿ ಗೋಪುರ ತನ್ನ ಜಾಗದಲ್ಲೇ ಇರಲಿ. ಕೋಣೆಯ ಇನ್ನೊಂದು ಮೂಲೆಯಲ್ಲಿ ಖಾಲಿ ಬೆಂಕಿಪೊಟ್ಟಣ, ಚಪ್ಪಲಿ ಅಂಗಡಿಯಲ್ಲಿ ಸಿಗುವ ರಟ್ಟಿನ ಡಬ್ಬ, ಬಡಗಿಯಿಂದ ತಂದು ಉಪ್ಪುಕಾಗದದಲ್ಲಿ ಉಜ್ಜಿದ ಮರದ ತುಂಡುಗಳನ್ನಿಡಿ. ರೈಲು ಅಲ್ಲಿಂದ ಹೊರಡಲಿ.

ಪ್ರಶ್ನೆ: ನಾನು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಲೈನು ಮನೆಗಳಲ್ಲಿರುವ ಕೂಲಿಯವರ ಮಕ್ಕಳೂ ನನ್ನ ಮಕ್ಕಳೂ ಸೇರಿ ಗೋಡೌನಿನ ಹತ್ತಿರ ಸಿಗುವ ಗೋಣಿಚೀಲ, ಹಗ್ಗ, ಖಾಲಿ ಕ್ಯಾನು, ಬೀಜಗಳನ್ನೆಲ್ಲ ಆಯ್ದು ತಂದು ಮನೆ, ಅಂಗಡಿ ಕಟ್ಟುತ್ತಾರೆ. ನೋಡಲು ಚೆನ್ನ, ಆದರೆ ಭಯವೂ ಆಗುತ್ತದೆ. ಯಾವುದಕ್ಕೆ ಬೇಡ ಎನ್ನಬೇಕು? (ಸಕಲೇಶಪುರ ತಾಲ್ಲೂಕು)

ಉತ್ತರ: ನಿಮ್ಮ ಭಯ ಸರಿಯಾದದ್ದು. ಇಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಕೀಟನಾಶಕ, ಕಳೆನಾಶಕ ತುಂಬಿದ್ದ ಕ್ಯಾನು, ಬಾಟಲಿ, ಪೊಟ್ಟಣ ಯಾವುದೂ ಎಷ್ಟು ತೊಳೆದರೂ ಆಟಕ್ಕಾಗಲಿ, ನೀರು ತುಂಬುವುದಕ್ಕಾಗಲಿ ಬರುವುದಿಲ್ಲ. ಖಾಲಿಯಾದ ಕೂಡಲೇ ಮೂರು ಸಲ ತೊಳೆದು, ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿದು, ಕ್ಯಾನಿಗೆ ತೂತು ಹೊಡೆದು ಬೀಗದೊಳಗೆ ಇಡಿಸಿ. ತೂತಿರುವ ಕ್ಯಾನನ್ನು ಮಕ್ಕಳು ನೀರಿನ ಆಟಕ್ಕೆ ಒಯ್ಯುವುದು ಕಡಿಮೆ. ಮಳೆಗಾಲದ ಮುಂಚೆ, ಕೊಳೆರೋಗ ತಡೆಯಲು ಸಿಂಪಡಿಸುವ ಬೋರ್ಡೊ ದ್ರಾವಣಕ್ಕೆ ತರುವ ಮೈಲುತುತ್ತದ ಹರಳುಗಳ ನೀಲಿ ಬಣ್ಣ ಮಕ್ಕಳನ್ನು ಸೆಳೆಯದೆ ಬಿಡುವುದಿಲ್ಲ, ಅದು ಹೊಟ್ಟೆಗೆ ಹೋದರೆ ವಿಷ. ಜೊತೆಗಿರುವ ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣು ಸುಡುತ್ತದೆ. ಇವೆರಡರ ಚೀಲಗಳೂ ಗೋಣಿಯ ರಾಶಿಗೆ ಬೆರೆಯಬಾರದು.

ಬೀಜಗಳ ವಿಷಯದಲ್ಲಿ ತಿಳಿದವರೂ ಎಡವುತ್ತಾರೆ. ಕೆಂಪು ಮೈ, ಕಪ್ಪು ಚುಕ್ಕೆಯ ಗುಲಗಂಜಿಯನ್ನು ಅಂಗಡಿ ಆಟದ ತೂಕಕ್ಕೂ ಗೊಂಬೆಯ ಕಣ್ಣಿಗೂ ಬಳಸುವುದು ಹಳೆಯ ವಾಡಿಕೆ. ಇಡಿಯಾಗಿ ನುಂಗಿದಾಗ ಅದರ ಗಟ್ಟಿ ಸಿಪ್ಪೆ ಎಷ್ಟೋ ಸಲ ಕಾಪಾಡುತ್ತದೆಯಾದರೂ ಅಗಿದರೆ ಅಥವಾ ದಾರ ಪೋಣಿಸಲು ತೂತು ಕೊರೆದಿದ್ದರೆ ಒಳಗಿನ ವಿಷ ಪ್ರಾಣ ತೆಗೆಯಬಲ್ಲದು. ಹರಳು ಬೀಜ, ಹಳದಿ ಕಣಗಿಲೆಯ ಕಾಯಿ, ದತ್ತೂರದ ಕಾಯಿ ಇದೇ ಸಾಲಿಗೆ ಸೇರುತ್ತವೆ. ಮೂರು ವರ್ಷದೊಳಗಿನ ಮಕ್ಕಳು ಗುಂಪಿನಲ್ಲಿದ್ದರೆ ವಿಷವಿಲ್ಲದ ಬೀಜಗಳೂ ಬೇಡ. ಕಾಫಿ ಬೀಜ, ಹುಣಸೆ ಬೀಜ, ಕಡಲೆಕಾಯಿ ಬೀಜ ಶ್ವಾಸನಾಳಕ್ಕೆ ಇಳಿಯುತ್ತವೆ, ಮೆಣಸಿನ ಕಾಳು ಮೂಗಿಗೆ ಹೋಗುತ್ತದೆ. ಆಟಿಕೆಗಳನ್ನು ಪರೀಕ್ಷಿಸುವವರು ಸುಮಾರು 3.2 ಸೆಂಟಿಮೀಟರ್ ಅಗಲದ ಗಿಡ್ಡ ಕೊಳವೆಯೊಳಗೆ ಪೂರ್ತಿ ಇಳಿದುಹೋಗುವ ಯಾವುದನ್ನೂ ಈ ವಯಸ್ಸಿನವರಿಗೆ ಕೊಡಬಾರದೆಂದು ನಿರ್ಧರಿಸುತ್ತಾರೆ. ಆ ಅಳತೆಯನ್ನು ನೀವೂ ನೆನಪಿಡಿ. ಹಳೆಯ ರಿಮೋಟಿನೊಳಗಿನ ಗುಂಡಿಯಂಥ ಚಪ್ಪಟೆ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಹಾಳಾದ ಫ್ರಿಜ್ಜು ಹೊರಗೆ ಬಿದ್ದಿದ್ದರೆ ಅದರ ಬಾಗಿಲು ಕಳಚಿಸಿ. ಮೂಟೆಗಳ ಅಟ್ಟಿಯ ಕೆಳಗೆ ಗುಹೆ ಮಾಡಲು ಬಿಡಬೇಡಿ. ಹಗ್ಗವಾಗಲಿ ದುಪಟ್ಟಾ ಆಗಲಿ ಕುತ್ತಿಗೆಗೆ ಹೋಗಬಾರದು. ಸೀರೆಯ ಜೋಕಾಲಿಯನ್ನು ದೊಡ್ಡವರ ಕಣ್ಣೆದುರಿನಲ್ಲಿ ಮಾತ್ರ ಕಟ್ಟಬೇಕು.

ವಿಷ ಸೇವನೆಯ ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗದೆ, ಆ ಪೊಟ್ಟಣ ಅಥವಾ ಬೀಜವನ್ನು ಜೊತೆಗೇ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ, 108ಕ್ಕೆ ಕರೆಮಾಡಿ.

ಇಷ್ಟನ್ನು ತೆಗೆದಿಟ್ಟ ಮೇಲೆ ಉಳಿಯುವ ಸಂಪತ್ತು ಕಡಿಮೆಯದಲ್ಲ. ಕಾಫಿ ತುಂಬುವ ಶುದ್ಧ ಗೋಣಿಚೀಲ, ಬಿದಿರಿನ ತುಂಡು, ಹಳೆಯ ಮಂಕರಿ, ಸಿಲ್ವರ್ ಓಕ್ ಎಲೆ, ಒಡೆದ ಹೆಂಚು ಇವುಗಳಿಂದ ಮಕ್ಕಳು ಊರನ್ನೇ ಕಟ್ಟುತ್ತಾರೆ. 1943ರಲ್ಲಿ, ದೇಶ ಜರ್ಮನ್ನರ ವಶದಲ್ಲಿದ್ದ ಕಾಲದಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ ಬಳಿಯ ಎಮ್‌ಡ್ರುಪ್ ಎಂಬಲ್ಲಿ ಸಿ. ಟಿ. ಸೊರೆನ್ಸನ್ ಎಂಬ ಉದ್ಯಾನ ವಿನ್ಯಾಸಕಾರರ ಕಲ್ಪನೆಯಂತೆ ಒಂದು ಗುಜರಿ ಆಟದ ಮೈದಾನ ಶುರುವಾಯಿತು. ತಾವು ರೂಪಿಸಿದ ಚೆಂದದ ಉದ್ಯಾನಗಳಿಗಿಂತ ಕಟ್ಟಡದ ಕೆಲಸ ನಡೆಯುವ ಜಾಗಗಳಲ್ಲೇ ಮಕ್ಕಳು ಹೆಚ್ಚು ಆಡುವುದನ್ನು ಅವರು ಕಂಡಿದ್ದರು. ನಿಮ್ಮ ಗೋಡೌನಿನ ಹಿಂದೆ ಅಂಥದ್ದು ತಾನಾಗಿಯೇ ಹುಟ್ಟಿದೆ. ಒಂದು ಜಾಗ ಗೊತ್ತುಮಾಡಿ, ಸಾಮಾನನ್ನು ನೀವೇ ಆರಿಸಿ ಹಾಕಿಸಿ, ವಯಸ್ಸಾದ ಒಬ್ಬರನ್ನು ಹತ್ತಿರ ಕೂರಿಸಿ. ಗೋಡೌನಿಗೆ ಬೀಗವಿರಲಿ.

ಪ್ರಶ್ನೆ: ನನ್ನ ಐದು ವರ್ಷದ ಮಗ ಖಾಲಿ ಪೀಠದ ಮೇಲೆ ಒಬ್ಬ ‘ಗೆಳೆಯ’ ಕುಳಿತಿದ್ದಾನೆ ಎಂದು ಅವನಿಗೂ ತಟ್ಟೆ ಇಡಿಸುತ್ತಾನೆ. ನಮ್ಮಮ್ಮ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಲು ಹೇಳುತ್ತಿದ್ದಾರೆ. ಇನ್ನೊಂದು ಸಂಗತಿ: ರಟ್ಟಿನ ಪೆಟ್ಟಿಗೆಯಲ್ಲಿ ಹುಲಿಯಿದೆ ಎಂದು ತಾನೇ ಆಟ ಹೂಡಿ, ಸಂಜೆಯಾದ ಮೇಲೆ ಆ ಪೆಟ್ಟಿಗೆಯ ಹತ್ತಿರ ಹೋಗಲು ಹೆದರುತ್ತಾನೆ. (ಚಿಕ್ಕಮಗಳೂರು)

ಉತ್ತರ: ಗಾಳಿಯೂ ಇಲ್ಲ, ಕಾಯಿಲೆಯೂ ಇಲ್ಲ. ಅಮೆರಿಕದ ಆರಿಗನ್‌ನಲ್ಲಿ ಮಾರ್ಜರಿ ಟೇಲರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಳು ವರ್ಷ ತುಂಬುವುದರೊಳಗೆ ಯಾವಾಗಲಾದರೂ ಇಂಥ ಕಾಲ್ಪನಿಕ ಸಂಗಾತಿಯನ್ನು ಹೊಂದಿದ್ದ ಮಕ್ಕಳು ಶೇಕಡಾ 65ರಷ್ಟು ಇದ್ದರು. ಜೀವ ತುಂಬಿ ಮಾತಾಡಿಸುವ ಗೊಂಬೆಗಳೂ ಈ ಲೆಕ್ಕದಲ್ಲಿ ಸೇರಿವೆ. ಮೆಲ್ಲನೆ ಕೇಳಿದರೆ ‘ಅವನು ನಿಜವಾಗಿ ಇಲ್ಲಮ್ಮ’ ಎಂದು ನಿಮ್ಮ ಮಗನೇ ನಿಮಗೆ ಸಮಾಧಾನ ಹೇಳಿಯಾನು. ತಟ್ಟೆ ಇಡಿ, ಆದರೆ ಆ ಗೆಳೆಯನ ಹೆಸರಿನಲ್ಲಿ ನೀವು ಆಜ್ಞೆ ಹೊರಡಿಸಲು ಹೋಗಬೇಡಿ. ‘ನಿನ್ನ ಗೆಳೆಯ ಹಾಲು ಕುಡಿದ, ನೀನೂ ಕುಡಿ’ ಎಂಬ ಉಪಾಯ ಅವನ ವಸ್ತುವನ್ನು ಕಸಿದುಕೊಂಡಂತೆ. ತಾಯಿತದಿಂದ ಹಾನಿಯಿಲ್ಲ, ಆದರೆ ಅವನ ಎದುರಿಗೆ ಗಾಳಿಯ ಮಾತು ಬೇಡ ಎಂದು ನಿಮ್ಮ ತಾಯಿಯವರಿಗೆ ತಿಳಿಸಿ ಹೇಳಿ.

ಹುಲಿಯ ಭಯಕ್ಕೂ ವಿವರಣೆಯಿದೆ. ಪಾಲ್ ಹ್ಯಾರಿಸ್ ಮತ್ತು ಸಂಗಡಿಗರು 1991ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ನಾಲ್ಕು ಮತ್ತು ಆರು ವರ್ಷದ ಮಕ್ಕಳು ಖಾಲಿ ಎಂದು ತಾವೇ ನೋಡಿದ ಪೆಟ್ಟಿಗೆಯಲ್ಲಿ ಒಂದು ಪ್ರಾಣಿಯಿದೆ ಎಂದು ಊಹಿಸಿಕೊಂಡರು. ಅದು ಬರಿಯ ಊಹೆಯೆಂದು ಬಾಯಿಬಿಟ್ಟು ಹೇಳಿದ ಮಕ್ಕಳಲ್ಲೂ ಕೆಲವರು ಕೋಣೆಯಲ್ಲಿ ಒಂಟಿಯಾದಾಗ, ಒಂದು ವೇಳೆ ಇದ್ದರೆ ಎಂಬ ಅಳುಕಿನಿಂದ ಪೆಟ್ಟಿಗೆಯ ಕಡೆ ನೋಡುತ್ತಿದ್ದರು. ರಾತ್ರಿ ಭೂತದ ಕಥೆ ಕೇಳಿ ಹಿತ್ತಲಿಗೆ ಹೋಗಲು ಹಿಂಜರಿಯುವ ನಮಗೂ ಇದು ಅಪರಿಚಿತವಲ್ಲ. ಹಗಲಿನಲ್ಲಿ ಅವನ ಕೈಯಿಂದಲೇ ಪೆಟ್ಟಿಗೆ ತೆರೆಸಿ, ಬೇಕಿದ್ದರೆ ಹುಲಿಯನ್ನು ಭದ್ರಾ ಕಾಡಿಗೆ ಕಳುಹಿಸುವ ಆಟವನ್ನು ಅವನೇ ಆಡಲಿ. ರಾತ್ರಿ ಪೆಟ್ಟಿಗೆಯನ್ನು ಮಡಚಿ ಎತ್ತಿಡಿ.

ಪ್ರಶ್ನೆ: ಮಗುವಿಗೆ ಎರಡೂವರೆ ವರ್ಷ. ಡಬ್ಬಿಯ ಮುಚ್ಚಳಗಳನ್ನು ಗಂಟೆಗಟ್ಟಲೆ ಸಾಲಾಗಿ ಇಡುತ್ತಾನೆ, ತಿರುಗಿಸುತ್ತಾನೆ. ಬೇರೆ ಮಕ್ಕಳಂತೆ ಅಡುಗೆ ಮಾಡಿದಂತೆ, ಫೋನು ಮಾಡಿದಂತೆ ಆಡುವುದಿಲ್ಲ. ಹೆಸರು ಹಿಡಿದು ಕರೆದರೂ ಎಷ್ಟೋ ಸಲ ತಿರುಗುವುದಿಲ್ಲ. ಗಂಡುಮಕ್ಕಳು ನಿಧಾನ ಎನ್ನುತ್ತಾರೆ, ಕಾಯಬಹುದೆ? (ಹಾಸನ)

ಉತ್ತರ: ಕಾಯಬೇಡಿ. ಮುಚ್ಚಳ ಸಾಲಿಡುವುದೊಂದೇ ಆಗಿದ್ದರೆ ನಾನು ಚಿಂತಿಸುತ್ತಿರಲಿಲ್ಲ, ಎಷ್ಟೋ ಮಕ್ಕಳು ಅದನ್ನು ಇಷ್ಟಪಡುತ್ತಾರೆ. ಆದರೆ ನಟನೆಯ ಆಟ ಶುರುವಾಗದಿರುವುದು, ಹೆಸರಿಗೆ ಓಗೊಡದಿರುವುದು, ಬೇಕಾದದ್ದನ್ನು ಬೆರಳು ಮಾಡಿ ತೋರಿಸದಿರುವುದು ಇವು ಒಟ್ಟಿಗೆ ಕಂಡಾಗ ವೈದ್ಯರು ಶ್ರವಣ ಪರೀಕ್ಷೆಯನ್ನೂ ಆಟಿಸಂ ತಪಾಸಣೆಯನ್ನೂ ಮಾಡಿಸುತ್ತಾರೆ. ಒಂದೂವರೆಯಿಂದ ಎರಡು ವರ್ಷದ ಮಕ್ಕಳಿಗೆ ಮಾಡುವ ತಪಾಸಣೆಯ ಪ್ರಶ್ನೆಗಳಲ್ಲಿ ನಟನೆಯ ಆಟದ ಪ್ರಶ್ನೆಯೂ ಇರುತ್ತದೆ. ಇದು ರೋಗನಿರ್ಣಯವಲ್ಲ, ಪರೀಕ್ಷಿಸಲು ಕಾರಣವಷ್ಟೇ. ಈ ವಾರವೇ ಮಕ್ಕಳ ತಜ್ಞರನ್ನು ಕಾಣಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ವ್ಯವಸ್ಥೆಯಲ್ಲೂ ಬೆಳವಣಿಗೆಯ ತಪಾಸಣೆ ಉಚಿತವಾಗಿದೆ. ನಿಮ್ಮ ಅಂಗನವಾಡಿ ಕಾರ್ಯಕರ್ತೆಯನ್ನು ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಅಷ್ಟರವರೆಗೆ ಮುಚ್ಚಳಗಳನ್ನು ಕಸಿಯಬೇಡಿ. ಅವನ ಸಾಲಿನ ಪಕ್ಕದಲ್ಲೇ ನೀವೂ ಒಂದು ಸಾಲು ಇಡುತ್ತ ಕುಳಿತುಕೊಳ್ಳಿ.

ಪ್ರಶ್ನೆ: ಮನೆಯ ವಸ್ತುಗಳಿಂದ ಬುದ್ಧಿಮತ್ತೆ ಹೆಚ್ಚಿಸುವ ಚಟುವಟಿಕೆಗಳ ವಿಡಿಯೊಗಳನ್ನು ನೋಡಿ ದಿನಕ್ಕೊಂದರಂತೆ ಮಗಳಿಂದ ಮಾಡಿಸುತ್ತಿದ್ದೇನೆ. ಅವಳಿಗೆ ಆಸಕ್ತಿ ಸಾಲದು. ದಿನಕ್ಕೆ ಎಷ್ಟು ಹೊತ್ತು, ಯಾವ ಕ್ರಮದಲ್ಲಿ ಮಾಡಿಸಬೇಕು? (ಹಾಸನ)

ಉತ್ತರ: ಮಾಡಿಸುವುದನ್ನು ನಿಲ್ಲಿಸಿ. ನೀವು ಹೇಳಿದ್ದನ್ನು ಅವಳು ಮಾಡಿದರೆ ಅದು ಮನೆಪಾಠ. ಹಿಟ್ಟು, ಕಾಳು, ದಾರ ಬಳಸಿದ ಮಾತ್ರಕ್ಕೆ ಆಟವಾಗುವುದಿಲ್ಲ. ಬುದ್ಧಿಮತ್ತೆಯ ಭರವಸೆಗೂ ಆಧಾರ ತೆಳುವಾಗಿದೆ. ಏಂಜಲೀನ್ ಲಿಲಾರ್ಡ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಹತ್ತಾರು ಅಧ್ಯಯನಗಳನ್ನು 2013ರಲ್ಲಿ ಜಾಲಾಡಿ ನೋಡಿದಾಗ, ಕಲ್ಪನೆಯ ಆಟದಿಂದಲೇ ಬುದ್ಧಿಯೋ ಸೃಜನಶೀಲತೆಯೋ ಹೆಚ್ಚುತ್ತದೆ ಎಂದು ಗಟ್ಟಿಯಾಗಿ ಹೇಳಲು ಸಾಕಷ್ಟು ಪುರಾವೆ ಸಿಗಲಿಲ್ಲ. ಆಟವನ್ನು ಟಾನಿಕ್ಕಿನಂತೆ ಚಮಚ ಲೆಕ್ಕದಲ್ಲಿ ಕುಡಿಸುವವರಿಗೆ ಇದು ನಿರಾಸೆಯ ಸುದ್ದಿ ಇರಬಹುದು, ನನಗಂತೂ ಬೇಸರವಾಗಲಿಲ್ಲ. ಮಗು ಆಡುವುದು ಅದಕ್ಕೆ ಆಡಬೇಕೆನಿಸುವುದರಿಂದ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯೂ ಆಟವನ್ನು ಹಕ್ಕು ಎಂದೇ ಕರೆದಿದೆ, ಬುದ್ಧಿಯ ಅಂಕಕ್ಕೆ ಅದನ್ನು ಗಂಟುಹಾಕಿಲ್ಲ.

ಪ್ರಶ್ನೆ: ಆರು ವರ್ಷದ ಮಗ ನನ್ನ ಹಳೆಯ ಸೀರೆ ಉಟ್ಟು ಟೀಚರ್ ಆಗುತ್ತಾನೆ, ಅಡುಗೆ ಆಟವನ್ನೂ ಆಡುತ್ತಾನೆ. ಅವನ ತಂದೆಗೆ ಮುಜುಗರ. (ಕಡೂರು)

ಉತ್ತರ: ಅವನ ಟೀಚರ್ ಸೀರೆ ಉಡುತ್ತಾರೆ, ಆದ್ದರಿಂದ ಅವನೂ ಉಡುತ್ತಾನೆ. ಹುಲಿಯಾದಾಗ ಬಾಲ ಕಟ್ಟಿಕೊಳ್ಳುವುದಿಲ್ಲವೆ? ಸೀರೆ ಕಾಲಿಗೆ ತೊಡರದಂತೆ ಗಿಡ್ಡವಾಗಿ ಮಡಚಿ ಕೊಡಿ. ಯಜಮಾನರನ್ನು ಆ ತರಗತಿಗೆ ಒಮ್ಮೆ ವಿದ್ಯಾರ್ಥಿಯಾಗಿ ಕಳುಹಿಸಿ ನೋಡಿ.

ಪ್ರಶ್ನೆ: ಬೇಸಿಗೆ ರಜೆಗೆ ಬೆಂಗಳೂರಿನಿಂದ ಮೊಮ್ಮಕ್ಕಳು ಬರುತ್ತಾರೆ, ಒಬ್ಬನಿಗೆ ಒಂಬತ್ತು, ಒಬ್ಬಳಿಗೆ ಆರು. ತೆಂಗಿನ ಗರಿಯ ಪೀಪಿ, ಗಡಿಯಾರ, ಹಾವು ಎಲ್ಲವನ್ನೂ ಮಾಡಿಕೊಡುತ್ತೇನೆ. ಹತ್ತು ನಿಮಿಷ ನೋಡಿ, ‘ತಾತ, ಬೋರು’ ಎಂದು ಫೋನು ಕೇಳುತ್ತಾರೆ. ಈ ಕಾಲದ ಮಕ್ಕಳಿಗೆ ಇವೆಲ್ಲ ಹಿಡಿಸುವುದಿಲ್ಲವೇನೋ. (ಕೊಪ್ಪ)

ಉತ್ತರ: ಹಿಡಿಸುತ್ತವೆ. ನೀವು ಮಾಡಿಕೊಟ್ಟ ಗಡಿಯಾರವೂ ಅಂಗಡಿಯ ಆಟಿಕೆಯ ಹಾಗೆ ಮುಗಿದೇ ಅವರ ಕೈ ಸೇರುತ್ತದೆ. ನೋಡಿ ಮೆಚ್ಚುವುದನ್ನು ಬಿಟ್ಟು ಅವರಿಗೆ ಇನ್ನೇನು ಕೆಲಸ ಉಳಿಯಿತು? ಗರಿ, ಕಡ್ಡಿ, ಬಾಳೆಯ ನಾರು ಕೊಟ್ಟು, ನಿಮ್ಮ ಪಾಡಿಗೆ ನೀವೊಂದು ಪೀಪಿ ಮಾಡಿ ಊದುತ್ತ ಕುಳಿತುಕೊಳ್ಳಿ. ಅವರ ಪೀಪಿ ಮೊದಲ ದಿನ ಊದುವುದಿಲ್ಲ. ತಿದ್ದಲು ಕೈ ಚಾಚಬೇಡಿ, ಕೇಳಿದರೆ ತೋರಿಸಿ. ‘ಬೋರು’ ಎಂಬ ಮಾತಿಗೂ ಕೂಡಲೇ ಔಷಧ ಹುಡುಕಬೇಕಾಗಿಲ್ಲ. ಫೋನಿಗೆ ಸಂಜೆಯ ಒಂದು ಹೊತ್ತು ಗೊತ್ತುಮಾಡಿ, ಮಿಕ್ಕ ಹೊತ್ತಿನಲ್ಲಿ ಬೇಸರವನ್ನು ಅವರೇ ಹೊರಲಿ. ಮೊದಲ ಎರಡು ದಿನ ಮನೆಮಂದಿಗೆಲ್ಲ ಕಷ್ಟ, ಅದನ್ನು ಅವರ ತಂದೆತಾಯಿಗೆ ಮುಂಚೆಯೇ ತಿಳಿಸಿಡಿ.

ಒಂಬತ್ತು ವರ್ಷದವನಿಗೆ ಬರಿಯ ನಟನೆ ಸಾಲದು, ಕಟ್ಟುವ ಕೆಲಸ ಬೇಕು. ಹಳೆಯ ಪಂಚೆ, ನಾಲ್ಕು ಗಳ, ಹಗ್ಗ ಕೊಟ್ಟರೆ ಅಂಗಳದಲ್ಲಿ ಡೇರೆ ಏಳುತ್ತದೆ. ಒಳಗೆ ನಡೆಯುವ ಸಂಸಾರವನ್ನು ಆರು ವರ್ಷದವಳು ನೋಡಿಕೊಳ್ಳುತ್ತಾಳೆ. ಮಲೆನಾಡಿನಲ್ಲಿ ಇದ್ದುಕೊಂಡು ಅಡಿಕೆ ಹಾಳೆಯ ಗಾಡಿಯನ್ನು ನೀವು ಮರೆತಂತಿದೆ. ಅಗಲದ ಭಾಗದ ಮೇಲೆ ಒಬ್ಬರು ಕೂರುವುದು, ತುದಿಯ ಸೋಗೆಯನ್ನು ಹಿಡಿದು ಇನ್ನೊಬ್ಬರು ಎಳೆಯುವುದು. ಕಲ್ಲಿಲ್ಲದ, ಇಳಿಜಾರು ಕಡಿದಾಗಿರದ ಅಂಗಳ ಸಾಕು. ನೆಂದ ಹಾಳೆ ಬೇಗ ಹರಿಯುತ್ತದೆ, ತೀರಾ ಒಣಗಿದ್ದು ಸೀಳುತ್ತದೆ, ಹೊಸದಾಗಿ ಬಿದ್ದದ್ದೇ ಒಳ್ಳೆಯದು. ಮಕ್ಕಳು ಬರುವ ವಾರ ತೋಟದಲ್ಲಿ ಬಿದ್ದ ಅಗಲವಾದ ಹಾಳೆಗಳನ್ನು ಆಯ್ದು ಕೊಟ್ಟಿಗೆಯ ನೆರಳಿನಲ್ಲಿ ಎತ್ತಿಡಿಸಿ. ಒಂದಿಷ್ಟು ಹೆಚ್ಚೇ ಇರಲಿ, ಮೊದಲ ದಿನವೇ ಮೂರು ನಾಲ್ಕು ಹರಿಯುತ್ತವೆ. ಯಾರು ಕೂರಬೇಕು, ಯಾರು ಎಳೆಯಬೇಕು ಎಂಬ ಜಗಳ ಬಂದರೆ ನೀವು ನ್ಯಾಯ ಹೇಳಲು ಹೋಗಬೇಡಿ.